ಸೂರ್ಯನಿಲ್ಲದ ಆಚೆ: ಕಿಷ್ಕಿಂಧೆಯ ವೀರರು, ಅವರೆದುರಿನ ದೇವರು

ಆನೆಗೊಂದಿಯ ಸುತ್ತ ಎಲ್ಲಿ ನಿಂತರೂ ದೂರ ಕಾಣುವುದಿಲ್ಲ. ಬಂಡೆಯ ಹಿಂದೆ ಬಂಡೆ, ಗುಡ್ಡದ ಹಿಂದೆ ಗುಡ್ಡ. ನಡುವೆ ಭತ್ತದ ಗದ್ದೆ, ಬಾಳೆತೋಟ, ಕಲ್ಲುಗಳ ಸಂದಿಯಲ್ಲಿ ದಾರಿ ಹುಡುಕಿಕೊಂಡು ಹರಿಯುವ ತುಂಗಭದ್ರೆ. ಕುಷ್ಟಗಿ, ಯಲಬುರ್ಗಾದ ಎರಿ ಹೊಲದಲ್ಲಿ ನಿಂತವರಿಗೆ ಆಕಾಶ ನೆಲ ಮುಟ್ಟುವ ಗೆರೆ ಕಾಣುತ್ತದೆ. ಗಂಗಾವತಿಯ ಈ ಮೂಲೆಯಲ್ಲಿ ಕಣ್ಣು ಹೋಗಿ ಕಲ್ಲಿಗೆ ಬಡಿಯುತ್ತದೆ. ಹೊಳೆಯ ಈ ದಂಡೆ ವಾನರರ ಕಿಷ್ಕಿಂಧೆ, ಆ ದಂಡೆಯ ಮಾಲ್ಯವಂತದಲ್ಲಿ ರಾಮ ಮಳೆಗಾಲ ಕಳೆದ ಎಂದು ಎರಡೂ ದಂಡೆಯ ಜನ ಹೇಳುತ್ತಾರೆ. ದೂರವೇ ಕಾಣದ ಇಂಥ ಬಂಡೆಗಳ ನಾಡಿನಲ್ಲಿ ಕೂತು ಸುಗ್ರೀವ ಇಡೀ ಭೂಮಿಯ ನಕ್ಷೆಯನ್ನು ಬಾಯಲ್ಲೇ ಬಿಡಿಸಿಟ್ಟ.

ವಾಲ್ಮೀಕಿಯ ಕಿಷ್ಕಿಂಧಾಕಾಂಡದ ಆ ಭಾಗವನ್ನು ಹಲವರು ಬೇಸರದ ಪಟ್ಟಿ ಎಂದು ದಾಟಿ ಹೋಗುತ್ತಾರೆ. ನನಗೆ ಅದು ಇಡೀ ಕಾಂಡದ ಎದೆ. ಸೀತೆಯನ್ನು ಹುಡುಕಲು ಪೂರ್ವಕ್ಕೆ ವಿನತ, ಪಶ್ಚಿಮಕ್ಕೆ ತಾರೆಯ ತಂದೆ ಸುಷೇಣ, ಉತ್ತರಕ್ಕೆ ಶತಬಲಿ, ದಕ್ಷಿಣಕ್ಕೆ ಅಂಗದನ ಜೊತೆ ಹನುಮಂತ, ಜಾಂಬವಂತ, ನೀಲ. ಗಡುವು 1 ತಿಂಗಳು. ಪ್ರತಿ ದಿಕ್ಕಿನ ನದಿ, ಗುಡ್ಡ, ಕಾಡು, ಜನ, ಸಮುದ್ರ, ದ್ವೀಪಗಳನ್ನು ಸುಗ್ರೀವ ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಪೂರ್ವದಲ್ಲಿ ಉದಯಗಿರಿ, ಪಶ್ಚಿಮದಲ್ಲಿ ಅಸ್ತಗಿರಿ, ಉತ್ತರದಲ್ಲಿ ಸೋಮಗಿರಿ, ದಕ್ಷಿಣದಲ್ಲಿ ಯಮನ ಊರು. ಅಲ್ಲಿಗೆ ಬಂದಾಗ ಅವನ ಮಾತು ನಿಲ್ಲುತ್ತದೆ. ಅದರಾಚೆ ಸೂರ್ಯನಿಲ್ಲ, ಎಲ್ಲೆಯಿಲ್ಲ, ಅಲ್ಲೇನಿದೆಯೋ ನಾವರಿಯೆವು, ವಾನರರು ಹೋಗಬಹುದಾದದ್ದು ಇಷ್ಟೇ ಎನ್ನುತ್ತಾನೆ. ಇಷ್ಟೆಲ್ಲ ನಿನಗೆ ಹೇಗೆ ಗೊತ್ತು ಎಂದು ರಾಮ ಕೇಳುತ್ತಾನೆ. ಅಣ್ಣ ವಾಲಿ ಬೆನ್ನಟ್ಟಿದಾಗ ಭೂಮಿಯನ್ನೆಲ್ಲ ಸುತ್ತಿ ಓಡಿದೆ, ಹಾಗೆ ಗೊತ್ತು ಎಂಬುದು ಅವನ ಉತ್ತರ. ಜಗತ್ತಿನ ಕೊನೆಯ ತನಕದ ಅರಿವು ಅವನಿಗೆ ಬಂದದ್ದು ಪ್ರಾಣಭಯದಿಂದ.

ಬಗೆಬಗೆಯ ಶಕ್ತಿಯುಳ್ಳ ವೀರರ ಒಂದು ಗುಂಪು, ಅವರೆದುರು ದೇವರಷ್ಟು ದೊಡ್ಡ ಜೀವಗಳು, ಅರಿತ ಲೋಕದ ಅಂಚಿನಾಚೆ ಒಂದು ಮುಖಾಮುಖಿ: ಈ ಕಥೆಯನ್ನು ಇಂದಿನ ಮಕ್ಕಳು ಸಿನಿಮಾದಲ್ಲಿ, ಚಿತ್ರಪುಸ್ತಕದಲ್ಲಿ ನೋಡಿ ಬಲ್ಲರು. ಅಮೆರಿಕದ ಮಾರ್ವೆಲ್ ಪುಸ್ತಕಗಳಲ್ಲಿ 1961ರಲ್ಲಿ ಹುಟ್ಟಿದ ಫೆಂಟಾಸ್ಟಿಕ್ ಫೋರ್ ಎಂಬ ನಾಲ್ವರ ತಂಡದ ಮುಂದೆ 1966ರಲ್ಲಿ ಗ್ರಹಗಳನ್ನೇ ತಿಂದು ಬದುಕುವ ಗ್ಯಾಲಕ್ಟಸ್ ಬಂದು ನಿಂತ. ಜಾಕ್ ಕರ್ಬಿ 1976ರಲ್ಲಿ ಬರೆದ ಎಟರ್ನಲ್ಸ್ ಕಥೆಯಲ್ಲಿ ಗುಡ್ಡದೆತ್ತರದ ಸೆಲೆಸ್ಟಿಯಲ್‌ಗಳು ಭೂಮಿಯ ನ್ಯಾಯ ತೀರ್ಮಾನಕ್ಕೇ ಇಳಿದು ಬಂದರು. ಆ ಕಥೆಗಳನ್ನು ನಾನು ಪ್ರೀತಿಯಿಂದಲೇ ಓದಿದ್ದೇನೆ. ಗ್ಯಾಲಕ್ಟಸ್ ಮುಷ್ಟಿಯ ಏಟಿಗೆ ಸೋಲಲಿಲ್ಲ. ಅವನ ದೂತನೇ ಮನಸ್ಸು ಬದಲಿಸಿದ, ಅವನ ಆಯುಧವನ್ನೇ ಅವನೆದುರು ಹಿಡಿದಾಗ ಮಾತಿಗೆ ಬಂದ. ಇದನ್ನು ಓದುವಾಗಲೆಲ್ಲ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ ಈ ಪ್ರಶ್ನೆಯನ್ನು ಎಷ್ಟು ಕಾಲದಿಂದ, ಎಷ್ಟು ಬಗೆಯಲ್ಲಿ ಕೇಳುತ್ತ ಬಂದಿದೆ ಎಂದು ಕೂಡಿಸಿ ನೋಡಬೇಕೆನಿಸುತ್ತಿತ್ತು. ಸಣ್ಣವರು ದೊಡ್ಡವರೆದುರು ನಿಲ್ಲುವುದು ಹೇಗೆ, ನಿಂತಾಗ ಏನಾಗುತ್ತದೆ?

ಮೊದಲು ತಂಡವನ್ನು ನೋಡೋಣ. ರಾಮಾಯಣದ ಬಾಲಕಾಂಡದ ಪ್ರಕಾರ ವಾನರರು ದೇವತೆಗಳ ಮಕ್ಕಳು. ವಾಲಿ ಇಂದ್ರನ ಮಗ, ಸುಗ್ರೀವ ಸೂರ್ಯನ ಮಗ, ಹನುಮಂತ ವಾಯುಪುತ್ರ, ನೀಲ ಅಗ್ನಿಯ ಮಗ, ಸೇತುವೆ ಕಟ್ಟಿದ ನಳ ವಿಶ್ವಕರ್ಮನ ಮಗ, ಮೈಂದ ದ್ವಿವಿದರು ಅಶ್ವಿನೀ ದೇವತೆಗಳ ಮಕ್ಕಳು. ಜಾಂಬವಂತ ಬ್ರಹ್ಮನ ಆಕಳಿಕೆಯಿಂದ ಹುಟ್ಟಿದವ. ಹೀಗಾಗಿ ಇಲ್ಲಿ ದೇವರೆದುರು ನಿಲ್ಲುವುದೆಂದರೆ ಹಲವು ಸಲ ಅಪ್ಪನ ಎದುರು, ಅಪ್ಪನ ಗೆಳೆಯರ ಎದುರು ನಿಲ್ಲುವುದು. ಎಳೆಯ ಹನುಮಂತ ಹಣ್ಣೆಂದು ಸೂರ್ಯನತ್ತ ಹಾರುತ್ತಾನೆ. ಇಂದ್ರ ವಜ್ರಾಯುಧದಿಂದ ಹೊಡೆಯುತ್ತಾನೆ. ಕೂಸು ಗುಡ್ಡದ ಮೇಲೆ ಬಿದ್ದು ಎಡ ದವಡೆ ಮುರಿಯುತ್ತದೆ. ಆಮೇಲಿನದು ನನಗೆ ಬಹಳ ಮುಖ್ಯ. ವಾಯು ಯಾರ ಮೇಲೂ ಯುದ್ಧಕ್ಕೆ ಹೋಗುವುದಿಲ್ಲ. ಮಗನನ್ನೆತ್ತಿಕೊಂಡು ಸುಮ್ಮನೆ ಕೂತುಬಿಡುತ್ತಾನೆ. ಗಾಳಿ ನಿಂತು ಮೂರು ಲೋಕ ಉಸಿರುಗಟ್ಟುತ್ತದೆ. ಬ್ರಹ್ಮನಿಂದ ಹಿಡಿದು ಎಲ್ಲ ದೇವತೆಗಳೂ ಆ ಕೂಸಿದ್ದಲ್ಲಿಗೆ ಬಂದು ಒಬ್ಬೊಬ್ಬರೂ ವರ ಕೊಡಬೇಕಾಗುತ್ತದೆ. ದೇವರನ್ನು ಕೊಲ್ಲದೆ, ಗೆಲ್ಲದೆ, ಮಾತಿಗೆ ಕೂರಿಸುವ ಈ ಬಗೆ ಮುಂದೆ ಈ ಸೀಮೆಯ ಬೇರೆ ಕಥೆಗಳಲ್ಲೂ ಆಚರಣೆಗಳಲ್ಲೂ ಮತ್ತೆ ಮತ್ತೆ ಸಿಗುತ್ತದೆ.

ಆ ಕೂಸು ಹುಟ್ಟಿದ್ದು ಹನುಮನಹಳ್ಳಿ ಪಕ್ಕದ ಅಂಜನಾದ್ರಿಯಲ್ಲಿ ಎಂದು ನಾವೆಲ್ಲ ನಂಬಿ ಬೆಳೆದವರು. 575 ಮೆಟ್ಟಿಲು ಹತ್ತಿದರೆ ಬೆಳ್ಳಗೆ ಸುಣ್ಣ ಬಳಿದ ಗುಡಿ, ಕೆಳಗೆ ಹೊಳೆ, ಗದ್ದೆ, ಆಚೆ ಹಂಪಿಯ ಗುಡ್ಡಗಳು. ಮಾರ್ಗಶಿರದ ಹನುಮದ್ವ್ರತಕ್ಕೆ ಮಾಲೆ ಹಾಕಿದವರು ಸಾವಿರಗಟ್ಟಲೆ ಬಂದು ಇಲ್ಲಿ ಮಾಲೆ ಇಳಿಸುತ್ತಾರೆ. 2021ರ ರಾಮನವಮಿಯಂದು ತಿರುಮಲ ತಿರುಪತಿ ದೇವಸ್ಥಾನದವರು ಹನುಮನ ಜನ್ಮಸ್ಥಳ ತಿರುಮಲ ಬೆಟ್ಟದ ಅಂಜನಾದ್ರಿಯೇ ಎಂದು ಸಾರಿದರು. ಗೋಕರ್ಣದ ಕಡೆಯಿಂದ ಒಂದು ವಾದ ಎದ್ದಿತು. ನಾಸಿಕದ ಅಂಜನೇರಿಯದು ಮೊದಲಿಂದಲೂ ಇತ್ತು. ನಾನು ನಮ್ಮ ಗುಡ್ಡದ ಪಕ್ಷ, ಅದನ್ನು ಮುಚ್ಚಿಡುವುದಿಲ್ಲ. ಋಷ್ಯಮೂಕ, ಮತಂಗ ಬೆಟ್ಟ, ಪಂಪಾ ಸರೋವರ, ಶಬರಿಯ ಗವಿ, ವಾಲಿಯ ಕೋಟೆ ಎಲ್ಲ ಒಂದೇ ದಿನದ ನಡಿಗೆಯಲ್ಲಿ ಸಿಗುವ ಬೇರೊಂದು ಜಾಗವನ್ನು ಇನ್ನೂ ಯಾರೂ ತೋರಿಸಿಲ್ಲ. ಆದರೆ ಹುಟ್ಟಿದ ಜಾಗದ ವಾದದಲ್ಲಿ ಮುಳುಗಿದವರು ಹನುಮಂತನ ಕಥೆಯ ಬೇರೊಂದು ಮುಖ್ಯ ತಿರುವನ್ನು ಮರೆಯುತ್ತಾರೆ. ಅವನಿಗೆ ತನ್ನ ಬಲ ಮರೆತುಹೋಗಿತ್ತು.

ಎಳವೆಯ ತುಂಟತನಕ್ಕೆ ರೇಗಿದ ಋಷಿಗಳು ಶಾಪ ಕೊಟ್ಟಿದ್ದರು: ಯಾರಾದರೂ ನೆನಪಿಸುವ ತನಕ ನಿನ್ನ ಬಲ ನಿನಗೆ ತಿಳಿಯದಿರಲಿ. ದಕ್ಷಿಣದ ತಂಡ 1 ತಿಂಗಳ ಗಡುವು ಮೀರಿ, ದಾರಿ ತಪ್ಪಿ, ಸತ್ತೇಹೋಗೋಣವೆಂದು ಕೂತು, ಕೊನೆಗೆ ಕಡಲ ದಂಡೆಗೆ ಬಂದಾಗ ಎದುರಿಗಿದ್ದದ್ದು 100 ಯೋಜನ ನೀರು. ಒಬ್ಬೊಬ್ಬರೂ ಎದ್ದು ತಮ್ಮ ಅಳತೆ ಹೇಳುತ್ತಾರೆ. ಗಜ 10 ಯೋಜನ ಹಾರಬಲ್ಲ, ಗವಾಕ್ಷ 20, ಶರಭ 30, ಋಷಭ 40, ಗಂಧಮಾದನ 50, ಮೈಂದ 60, ದ್ವಿವಿದ 70. ಮುದುಕ ಜಾಂಬವಂತ, ಹಿಂದೆ ತ್ರಿವಿಕ್ರಮನಿಗೇ ಪ್ರದಕ್ಷಿಣೆ ಬಂದಿದ್ದೆ, ಈಗ 90ಕ್ಕಿಂತ ಆಗದು ಎನ್ನುತ್ತಾನೆ. ಅಂಗದ 100 ಹಾರಿಯಾನು, ಮರಳಿ ಬರುವ ಭರವಸೆಯಿಲ್ಲ. ಒಂದು ಗುಂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಶಕ್ತಿ ಎಲ್ಲಿಗೆ ಮುಗಿಯುತ್ತದೆ ಎಂದು ನಾಚಿಕೆಯಿಲ್ಲದೆ ಎದ್ದು ಹೇಳುವ ಇಂಥ ಸಭೆಯನ್ನು ನಾನು ಬೇರೆ ಯಾವ ವೀರಕಥೆಯಲ್ಲೂ ಕಂಡಿಲ್ಲ. ಹನುಮಂತ ಮಾತ್ರ ಒಂದು ಬದಿಗೆ ಸುಮ್ಮನೆ ಕೂತಿದ್ದಾನೆ. ಅವನ ಅಳತೆ ಅವನಿಗೆ ಗೊತ್ತಿಲ್ಲ, ಜಾಂಬವಂತನಿಗೆ ಗೊತ್ತಿದೆ. ಮುದುಕ ಹೋಗಿ ಅವನ ಪಕ್ಕದಲ್ಲಿ ನಿಂತು ಅವನ ಬಾಲ್ಯದ ಕಥೆಯನ್ನು ಅವನಿಗೇ ಹೇಳುತ್ತಾನೆ. ಕೇಳುತ್ತ ಕೇಳುತ್ತ ಹನುಮಂತ ಬೆಳೆಯುತ್ತಾನೆ.

ನಾನು ಇದನ್ನು ಮೊದಲು ಓದಲಿಲ್ಲ, ನೋಡಿದೆ. ಹುಡುಗನಿದ್ದಾಗ ಕುಷ್ಟಗಿ ಕಡೆಯ ನಮ್ಮೂರಿಗೆ ಗೊಂಬಿ ಆಟದವರು ಬಂದಿದ್ದರು. ಹನಮಂತದೇವರ ಗುಡಿಯ ಮುಂದಿನ ಬಯಲಿನಲ್ಲಿ ಗಳ ನೆಟ್ಟು, ಮೂರು ಕಡೆ ಕಂಬಳಿ ಸುತ್ತಿ, ಮುಂದೆ ಬಿಳಿ ಪಂಚೆ ಬಿಗಿದು, ಹಿಂದೆ ದೀಪ ಇಟ್ಟರು. ಊಟ ಮುಗಿಸಿ ಬಂದು ಕೂತರೆ ಏಳುವುದು ಬೆಳಗಿನ ಜಾವಕ್ಕೆ. ಮೊದಲು ಗಣಪತಿ, ಆಮೇಲೆ ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ ಬಂಗಾರಕ್ಕರ ಗದ್ದಲ, ಅದಾದ ಮೇಲೆ ಕಥೆ. ರಾವಣನ ಗೊಂಬೆ ಪಂಚೆಯ ಅರ್ಧ ತುಂಬುವಷ್ಟು ಅಗಲ. ರಾಮನದೂ ದೊಡ್ಡದು. ಕಡಲ ದಂಡೆಯಲ್ಲಿ ಕೂತ ಹನುಮಂತ ಮಾತ್ರ ಗೇಣುದ್ದ. ನನಗೆ ಅಳುವೇ ಬಂತು. ಪಕ್ಕದಲ್ಲಿ ಕೂತಿದ್ದ ಅಮ್ಮನನ್ನು, ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ, ಕೇಳಿದೆ: “ಅಮ್ಮಾ, ಹನಮಪ್ಪ ಯಾಕ ಇಷ್ಟ ಸಣ್ಣಾಂವ ಅದಾನ?”

“ತಡಿಯಪ್ಪಾ, ಅವಗ ಇನ್ನಾ ನೆನಪ ಆಗಿಲ್ಲ” ಅಂದಳು.

ಜಾಂಬವಂತ ಮಾತಾಡಿದ. ಮದ್ದಲೆ ಏರಿತು. ಸಣ್ಣ ಗೊಂಬೆ ಪಂಚೆಯಿಂದ ಹಿಂದೆ ಸರಿದು ಮಸುಕಾಗಿ ಮರೆಯಾಯಿತು. ಅದೇ ಜಾಗಕ್ಕೆ ತಲೆಯಿಂದ ಬಾಲದ ತನಕ ಹಸಿರು ಕೆಂಪು ತುಂಬಿದ, ಕೊರಳ ಹಾರದ ಒಂದೊಂದು ತೂತಿನಲ್ಲೂ ಬೆಳಕು ಸುರಿಯುವ ಇನ್ನೊಬ್ಬ ಹನುಮಂತ ಬಂದು ಪಂಚೆಗೆ ಅಂಟಿಕೊಂಡು ನಿಂತ. ಬಯಲಿನಲ್ಲಿದ್ದ ಜನವೆಲ್ಲ ಒಂದೇ ಉಸಿರಿಗೆ ಕೂಗಿತು. ಸೋಲು ಗೆಲವು ಇನ್ನೂ ದೂರವಿತ್ತು, ಲಂಕೆ ಕಂಡಿರಲಿಲ್ಲ. ಜನ ಕೂಗಿದ್ದು ಒಬ್ಬನಿಗೆ ನೆನಪು ಬಂದದ್ದಕ್ಕೆ.

ಕರ್ನಾಟಕದ ತೊಗಲು ಗೊಂಬೆಯಲ್ಲಿ ಪಾತ್ರದ ದರ್ಜೆಗೆ ತಕ್ಕಂತೆ ಗೊಂಬೆಯ ಗಾತ್ರ: ದೇವರು, ರಾಜರು ದೊಡ್ಡವರು, ಆಳು, ಸೇವಕರು ಚಿಕ್ಕವರು. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿ ಒಣಗಿಸಿ, ಆಕಾರ ಕತ್ತರಿಸಿ, ಬಣ್ಣ ಹಾಕುತ್ತಾರೆ. ಒಂದೇ ಪಾತ್ರಕ್ಕೆ ಬೇರೆ ಬೇರೆ ಗೊಂಬೆ ಬೇಕಾಗುವವರಲ್ಲಿ ಹನುಮಂತ ಮುಖ್ಯ. ದರ್ಜೆಯ ಲೆಕ್ಕವನ್ನು ಕಣ್ಣೆದುರೇ ಮುರಿದು ಸಣ್ಣವನು ದೊಡ್ಡವನಾಗುವ ಪಾತ್ರ ಅವನದು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಹುಡುಗಿಯಾಗಿದ್ದಾಗಿನಿಂದ ರಾಮಾಯಣ ಮಹಾಭಾರತದ ಗೊಂಬೆ ಹಿಡಿದ ಕೈಗಳು ಅವು. ಆ ಸುದ್ದಿ ಕೇಳಿದ ದಿನ ನನಗೆ ಸಂತೋಷದ ಜೊತೆ ಸಂಕಟವೂ ಆಯಿತು. ತಲೆಮಾರುಗಳ ಕಾಲ ಊರೂರಿಗೆ ಕತ್ತೆಯ ಮೇಲೆ ಗೊಂಬೆ ಹೇರಿಕೊಂಡು ಹೋಗಿ ಜನರಿಗೆ ನೆನಪು ಕೊಟ್ಟ ಶಿಳ್ಳೇಕ್ಯಾತ ಸಮುದಾಯ ಇದು. ಅವರ ಬಲವನ್ನು ಅವರಿಗೆ ನೆನಪಿಸಲು ನಾವು ಇಷ್ಟು ತಡಮಾಡಬಾರದಿತ್ತು.

ಹನುಮಂತನ ಸಂಗತಿ ಹೀಗಾದರೆ ವಾಲಿಯದು ಬೇರೆ. ದುಂದುಭಿ ಎಂಬ ಕೋಣರೂಪದ ರಕ್ಕಸ ಯುದ್ಧ ಬೇಡಿ ಸಮುದ್ರರಾಜನ ಬಳಿಗೆ ಹೋಗುತ್ತಾನೆ. ನನ್ನಿಂದಾಗದು, ಹಿಮವಂತನ ಬಳಿಗೆ ಹೋಗು ಎನ್ನುತ್ತಾನೆ ಸಮುದ್ರ. ನನ್ನಿಂದಾಗದು, ಕಿಷ್ಕಿಂಧೆಯಲ್ಲಿ ವಾಲಿಯಿದ್ದಾನೆ, ಅಲ್ಲಿಗೆ ಹೋಗು ಎನ್ನುತ್ತಾನೆ ಹಿಮವಂತ. ಕಡಲು, ಹಿಮಾಲಯದಂಥ ಆದಿಶಕ್ತಿಗಳು ಕೈಚೆಲ್ಲಿ ಗಂಗಾವತಿಯ ದಿಕ್ಕಿಗೆ ಬೆರಳು ತೋರಿಸುತ್ತವೆ! ವಾಲಿ ಅವನನ್ನು ಕೊಂದು ಹೆಣವನ್ನು ಯೋಜನ ದೂರ ಎಸೆಯುತ್ತಾನೆ. ನೆತ್ತರ ಹನಿ ಮತಂಗರ ಆಶ್ರಮದಲ್ಲಿ ಬೀಳುತ್ತದೆ. ಈ ಗುಡ್ಡಕ್ಕೆ ಕಾಲಿಟ್ಟರೆ ಸಾಯುತ್ತೀ ಎಂದು ಋಷಿ ಶಪಿಸುತ್ತಾರೆ. ಲೋಕವನ್ನೆಲ್ಲ ಸುತ್ತಿದ ಸುಗ್ರೀವ ಕೊನೆಗೆ ಉಳಿದುಕೊಂಡದ್ದು ಅಣ್ಣನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಆ ಗುಡ್ಡದಲ್ಲೇ.

ವಾಲಿ ನಿಜವಾಗಿ ದೇವರೆದುರು ನಿಲ್ಲುವುದು ಸಾಯುವಾಗ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಅವನು ನೆಲದ ಮೇಲೆ ಬಿದ್ದಲ್ಲಿಂದಲೇ ಪ್ರಶ್ನಿಸುತ್ತಾನೆ. ನಿನಗೆ ನಾನು ಏನು ಮಾಡಿದ್ದೆ, ಎದುರು ಬಂದು ಏಕೆ ಹೊಡೆಯಲಿಲ್ಲ, ನನ್ನ ತೊಗಲು ಮಾಂಸ ನಿನಗೆ ಯಾವ ಉಪಯೋಗಕ್ಕೆ? ರಾಮ ಕೊಡುವ ಉತ್ತರಗಳು ಓದಿದವರನ್ನು ಇಂದಿಗೂ ಪೂರ್ತಿ ಸಮಾಧಾನಪಡಿಸಿಲ್ಲ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದಾಗ ರಾಮನೇ ತಪ್ಪು ಒಪ್ಪಿಕೊಳ್ಳುವಂತೆ ಆ ಸನ್ನಿವೇಶವನ್ನು ತಿದ್ದಿದ್ದು ಈ ಅಸಮಾಧಾನದಿಂದಲೇ ಎಂದು ನನ್ನ ತಿಳಿವಳಿಕೆ. ಹೊಳೆಯಾಚೆ ನಿಂಬಾಪುರದ ಹತ್ತಿರ ಒಂದು ಬೂದಿಗುಡ್ಡವಿದೆ. ಅದು ವಾಲಿಯನ್ನು ಸುಟ್ಟ ಬೂದಿ ಎಂದು ಜನ ತೋರಿಸುತ್ತ ಬಂದಿದ್ದಾರೆ. ನವಶಿಲಾಯುಗದ ದನಗಾಹಿಗಳ ಸಗಣಿ ಸುಟ್ಟು ಉಳಿದ ಬೂದಿದಿಬ್ಬಗಳು ಇವು ಎಂದು ಪುರಾತತ್ತ್ವಜ್ಞ ಆಲ್ಚಿನ್ 1963ರಲ್ಲಿ ಪುಸ್ತಕವನ್ನೇ ಬರೆದು ತೋರಿಸಿದರು. ಸಾವಿರಾರು ವರ್ಷ ಹಳೆಯ ಬೂದಿಗೆ ಊರವರು ಇಟ್ಟ ಹೆಸರು ಸೋತವನದು, ಗೆದ್ದವನದಲ್ಲ.

ವಾನರರು ಯಾರು ಎಂಬ ಪ್ರಶ್ನೆಗೆ ಕೊಪ್ಪಳ ನಗರದ ಹಳೆಯ ಉತ್ತರ ಗಂಗಾವತಿಯದಕ್ಕಿಂತ ಬೇರೆ. ಕೊಪ್ಪಳವನ್ನು ಕವಿರಾಜಮಾರ್ಗ ಮಹಾಕೋಪಣನಗರವೆಂದು ಕರೆದು ತಿರುಳ್ಗನ್ನಡದ ನಾಡಿನಲ್ಲಿ ಸೇರಿಸುತ್ತದೆ; ಜೈನರಿಗೆ ಅದು ಮಹಾತೀರ್ಥ. ದೂರದೂರದಿಂದ ಬಂದು ಇಲ್ಲಿ ಸಲ್ಲೇಖನ ಮಾಡಿ ದೇಹ ಬಿಟ್ಟವರ ನಿಸಿಧಿ ಶಾಸನಗಳಿವೆ. ಆ ಜೈನರ ರಾಮಕಥೆಯನ್ನು ಕನ್ನಡದಲ್ಲಿ ಹೇಳಿದವನು ಅಭಿನವ ಪಂಪನೆನಿಸಿದ ನಾಗಚಂದ್ರ, ರಾಮಚಂದ್ರಚರಿತಪುರಾಣದಲ್ಲಿ. ಜೈನ ಕಥೆಯ ವಾನರರಿಗೆ ಬಾಲವಿಲ್ಲ. ಅವರು ಕಪಿಧ್ವಜದ ವಿದ್ಯಾಧರರು, ವಿದ್ಯೆ ಸಾಧಿಸಿ ಆಕಾಶದಲ್ಲಿ ಸಂಚರಿಸುವ ಮನುಷ್ಯರು. ರಾವಣನೂ ಅಂಥವನೇ, ಕೊರಳ ಹಾರದ ಒಂಬತ್ತು ಮಣಿಗಳಲ್ಲಿ ಮುಖ ಪ್ರತಿಫಲಿಸಿ ಹತ್ತು ಮುಖದವನಾದ. ಇಲ್ಲಿ ವಾಲಿ ಬಾಣಕ್ಕೆ ಸಾಯುವುದಿಲ್ಲ. ರಾವಣನ ಜೊತೆ ಕಾದುವ ಬದಲು ತಮ್ಮನಿಗೆ ರಾಜ್ಯ ಕೊಟ್ಟು ಮುನಿಯಾಗುತ್ತಾನೆ. ಅವನು ತಪಸ್ಸಿಗೆ ನಿಂತ ಗುಡ್ಡವನ್ನೇ ರಾವಣ ಎತ್ತಲು ಬಂದಾಗ ಅಲ್ಲಿಯ ಜೀವಗಳಿಗೆ ನೋವಾಗದಿರಲೆಂದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾನೆ. ಗುಡ್ಡದಡಿ ಸಿಕ್ಕು ಅರಚಿದ್ದರಿಂದಲೇ ಅವನಿಗೆ ರಾವಣನೆಂಬ ಹೆಸರು.

ಜೈನರ ಲೋಕದ ಅಂಚೂ ಬೇರೆ. ಸುಗ್ರೀವ ನಾವರಿಯೆವು ಎಂದು ನಿಲ್ಲಿಸಿದಲ್ಲಿಂದ ಅವರು ಮುಂದೆ ಹೋಗುತ್ತಾರೆ. ಲೋಕ 14 ರಜ್ಜು ಎತ್ತರ, ಸೊಂಟದ ಮೇಲೆ ಕೈಯಿಟ್ಟು ಕಾಲಗಲಿಸಿ ನಿಂತ ಮನುಷ್ಯನ ಆಕಾರ. ಅದರ ಸುತ್ತ ಕೊನೆಯಿಲ್ಲದ ಅಲೋಕಾಕಾಶ. ಅಲ್ಲಿಗೆ ಯಾರೂ ಹೋಗಲಾರರು. ಬಲ ಸಾಲದೆಂದಲ್ಲ, ಚಲನೆಗೆ ಆಧಾರವಾದ ಧರ್ಮದ್ರವ್ಯವೇ ಅಲ್ಲಿಲ್ಲ. ಮೀನಿಗೆ ನೀರಿದ್ದಂತೆ ಚಲಿಸುವವರಿಗೆ ಅದು. ನೀರಿಲ್ಲದಲ್ಲಿ ಮೀನು ಎಷ್ಟು ಬಲಶಾಲಿಯಾದರೇನು? ಎಲ್ಲ ಕರ್ಮ ಕಳಚಿ ಮೇಲೇರಿದ ಸಿದ್ಧನೂ ಲೋಕದ ನೆತ್ತಿಯಲ್ಲಿ ನಿಲ್ಲುತ್ತಾನೆ. ಅರಿತ ಲೋಕದಾಚೆ ಹಾರುವ ವೀರರ ಕಥೆಗಳನ್ನು ಕೇಳುವಾಗ ನನಗೆ ಈ ಮಾತು ನೆನಪಾಗುತ್ತದೆ. ಆಚೆಯನ್ನು ಇಷ್ಟು ಕಟ್ಟುನಿಟ್ಟಾಗಿ ಯೋಚಿಸಿದವರು ನಮ್ಮ ಕೊಪ್ಪಳದ ಗುಡ್ಡಗಳ ಮೇಲೆ ಕೂತು ಕಣ್ಣು ಮುಚ್ಚಿದರು.

ಇದೇ ಊರಿನಲ್ಲಿ ಇದಕ್ಕಿಂತ ಹಳೆಯ ಬರಹವೊಂದಿದೆ. ಗವಿಮಠದ ಬಂಡೆಯ ಮೇಲೆ ಒಂದು, ಪಾಲಕಿಗುಂಡಿನಲ್ಲಿ ಇನ್ನೊಂದು: ಅಶೋಕನ ಕಿರುಶಾಸನಗಳು, 1931ರಲ್ಲಿ ಬೆಳಕಿಗೆ ಬಂದವು. ಜಾತ್ರೆಗೆ ಗವಿಸಿದ್ಧಪ್ಪನ ದರ್ಶನಕ್ಕೆ ಬರುವ ಲಕ್ಷಾಂತರ ಜನರಲ್ಲಿ ಬಂಡೆಯ ತನಕ ಹೋಗುವವರು ಕೆಲವರೇ. ಒಮ್ಮೆ ಹೋಗಿ ನೋಡಬೇಕು. ಜಂಬೂದ್ವೀಪದಲ್ಲಿ ಇದುವರೆಗೆ ಮನುಷ್ಯರೊಡನೆ ಬೆರೆಯದಿದ್ದ ದೇವರು ಈಗ ಬೆರೆತಿದ್ದಾರೆ, ಇದು ಪ್ರಯತ್ನದ ಫಲ ಎಂದು ಅಶೋಕ ಹೇಳಿಸಿದ್ದಾನೆ. ಈ ಮಾತಿನ ಅರ್ಥಕ್ಕಾಗಿ ಪಂಡಿತರು ಬಹಳ ಜಗ್ಗಾಡಿದ್ದಾರೆ. ಅದರ ಮುಂದಿನದರಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಇದು ದೊಡ್ಡವರಿಗಷ್ಟೇ ಸಿಗುವಂಥದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗದಷ್ಟು ದೊಡ್ಡದನ್ನು ಪಡೆಯಬಲ್ಲ. ಸಣ್ಣವರೂ ದೊಡ್ಡವರೂ ದುಡಿಯಲಿ. ಈ ಸೀಮೆಯಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಅಕ್ಷರಗಳು ಮಾತಾಡುವುದೇ ದೇವರು ಮನುಷ್ಯರ ನಡುವಿನ ದೂರದ ಬಗ್ಗೆ, ಸಣ್ಣವನ ಅಳತೆಯ ಬಗ್ಗೆ. ಕಡಲ ದಂಡೆಯ ಹನುಮಂತನನ್ನು ನೋಡಿ ಅಮ್ಮ ಹೇಳಿದ ಮಾತಿಗೂ ಇದಕ್ಕೂ ನಡುವೆ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿವೆ. ನನಗೆ ಎರಡೂ ಒಂದೇ ಬಾಯಿಂದ ಬಂದಂತೆ ಕೇಳಿಸುತ್ತವೆ.

ಅಕ್ಷರಕ್ಕೂ ಮೊದಲಿನ ಗುರುತು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲಿದೆ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಹೊದಿಸಿದ ನೂರಾರು ಕಲ್ಮನೆಗಳು. 2021ರಿಂದ ಯುನೆಸ್ಕೋದ ಸಂಭಾವ್ಯ ಪಟ್ಟಿಯಲ್ಲಿವೆ. ಜನರ ಬಾಯಲ್ಲಿ ಅವು ಮೋರ್ಯರ ಮನೆ. ಮೋರ್ಯರು ಗಿಡ್ಡ ಜನ, ಆದರೆ ಅಪಾರ ಬಲಶಾಲಿಗಳು ಎಂದು ಕಥೆ. ಇಲ್ಲೂ ಸಣ್ಣ ಆಳು, ದೊಡ್ಡ ಬಲ! ಎತ್ತರದ ಗುಂಡಿನ ಮೇಲೆ ಕೂರಿಸಿದ ನಗಾರಿಯಂಥ ಕಲ್ಲನ್ನು ಬಡಿದರೆ ನಾದ ಬಹುದೂರ ಕೇಳುತ್ತದೆ.

ಕಿನ್ನಾಳದ ಚಿತ್ರಗಾರರ ಹನುಮಂತನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಹಗುರ ಮರದಲ್ಲಿ ಆಕಾರ ಕೆತ್ತಿ, ಕೀಲುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಕಿಟ್ಟ ಬಳಿದು ನುಣುಪು ಮಾಡಿ, ಆಮೇಲೆ ಬಣ್ಣ. ಲಾಜವರದ ಹೊಳಪು ಬಂದ ಕಿರೀಟ ಚಿನ್ನದಂತೆಯೇ ಕಾಣುತ್ತದೆ. ತೊಗಲಿನ ಹನುಮಂತನ ಮೈಯೊಳಗಿಂದ ಬೆಳಕು ಹಾಯುತ್ತದೆ. ಕಿನ್ನಾಳದವನ ಮೈಮೇಲೆ ಬೆಳಕು ಬಿದ್ದು ತಿರುಗುತ್ತದೆ. ಇವನು ನೆನಪಾದ ಮೇಲಿನ ಹನುಮಂತ, ಹಬ್ಬದ ದಿನ ಮೆರವಣಿಗೆಗೆ ಸಿದ್ಧನಾದವನು.

ಇನ್ನು ಕುಮಾರರಾಮ. ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗ, ಕಂಪಿಲಿಯ ಪುಟ್ಟ ರಾಜ್ಯ, ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್. ಸುಲ್ತಾನನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಸರೆ ಕೊಟ್ಟ; 1327ರ ಸುಮಾರಿಗೆ ರಾಜ್ಯ ಅಳಿಯಿತು. ಇತಿಹಾಸ ಇಷ್ಟೇ. ಆದರೆ ಸೋತ ರಾಯನ ಮಗ ಕುಮಾರರಾಮನನ್ನು ಜನ ಗುಡಿಯಲ್ಲಿಟ್ಟು ಪೂಜಿಸಿದರು, ನಂಜುಂಡನಂಥ ಕವಿಗಳು ಕಾವ್ಯ ಬರೆದರು, ಹಾಡು ಕಥೆ ಆಟಗಳಲ್ಲಿ ಅವನು ಮತ್ತೆ ಮತ್ತೆ ಕುದುರೆ ಏರಿದ. ಕಿಷ್ಕಿಂಧೆಯ ವೀರರು ದೇವರ ಮಕ್ಕಳಾಗಿ ಹುಟ್ಟಿದರು. ಇವನು ಮನುಷ್ಯನಾಗಿ ಸತ್ತು ದೇವರಾದ. ಅವನ ಜೊತೆಗಾರರೂ ಮಂತ್ರಿ ಬೈಚಪ್ಪನೂ ಕಥೆಯಲ್ಲಿ ಉಳಿದಿದ್ದಾರೆಂಬುದನ್ನು ಗಮನಿಸಬೇಕು. ಒಂಟಿ ವೀರನನ್ನು ಈ ಸೀಮೆ ಹೆಚ್ಚು ಹಾಡಿಲ್ಲ.

ಇವೆಲ್ಲ ಕಥೆಯ ಮಾತಾಯಿತು. ಆಕಾಶದ ಶಕ್ತಿಯ ಎದುರು ಇಡೀ ಊರು ನಿಜವಾಗಿ ಒಟ್ಟಾಗಿ ನಿಲ್ಲುವುದು ಮಳೆ ತಪ್ಪಿದಾಗ. ಗಂಗಾವತಿಗೆ ಕಾಲುವೆ ನೀರಿದೆ. ಕುಷ್ಟಗಿ, ಯಲಬುರ್ಗಾದ ಹೊಲ ಬಹುಮಟ್ಟಿಗೆ ಮೋಡವನ್ನೇ ನಂಬಿದ್ದು. ಬಿತ್ತಿದ ಸಜ್ಜೆ, ಜೋಳ ಒಣಗುವಾಗ ಇಲ್ಲಿಯ ಜನ ಗುರ್ಚಿ ಹೊರುತ್ತಾರೆ. ತಲೆಯ ಮೇಲೆ ರೊಟ್ಟಿ ಹಂಚು, ಅದರ ಮೇಲೆ ಕೆಸರಿನಿಂದ ಮಾಡಿದ ಗುರ್ಚಿಯ ಮೂರ್ತಿ, ಹೊತ್ತ ಹುಡುಗ ಮನೆ ಮನೆಯ ಮುಂದೆ ತಿರುಗುತ್ತಾನೆ, ಹೆಂಗಸರು ತಂಬಿಗೆಯಿಂದ ನೀರು ಸುರಿಯುತ್ತಾರೆ. ನೀರಿಲ್ಲದ ಕಾಲದಲ್ಲಿ ಇದ್ದ ನೀರನ್ನೇ ಚೆಲ್ಲಿ ಮಳೆಗೆ ತೋರಿಸುವುದು! ಅದಕ್ಕೂ ಬಾರದಿದ್ದರೆ ಈಶ್ವರನ ಗರ್ಭಗುಡಿಗೆ ಕೊಡಗಟ್ಟಲೆ ನೀರು ತುಂಬಿ ಲಿಂಗ ಮುಳುಗಿಸಿ ಬಾಗಿಲು ಹಾಕುವ ಜಲದಿಗ್ಬಂಧನ ನಾಡಿನ ಹಲವು ಕಡೆ ಉಂಟು. ಗೊಂಬೆ ಆಟ ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆಯಿಂದಲೇ ಎಷ್ಟೋ ಊರುಗಳು ಶಿಳ್ಳೇಕ್ಯಾತರನ್ನು ಕರೆಸಿದ್ದು. ನಮ್ಮೂರಿಗೆ ಅವರು ಬಂದದ್ದೂ ಅಂಥ ವರ್ಷವೇ. ಆ ರಾತ್ರಿ ಪಂಚೆಯ ಈಚೆ ಕೂತವರಾರೂ ಬರೀ ಆಟ ನೋಡಲು ಕೂತಿರಲಿಲ್ಲ. ಮಗನಿಗಾಗಿ ವಾಯು ಉಸಿರು ಹಿಡಿದು ಕೂತಂತೆ ಊರೂ ಕೂತಿತ್ತು, ಮೇಲಿನವರು ಇಳಿದು ಬಂದು ಮಾತಾಡಲಿ ಎಂದು.

ಈ ಸೀಮೆಯ ಕಥೆ ಹೇಳುವವರು ಲಂಕೆಯ ಯುದ್ಧವನ್ನು ಎಷ್ಟೇ ಬೆಳೆಸಿ ಹೇಳಲಿ, ನನಗೆ ಬೇಕಾದ ಕೊನೆ ಅದಕ್ಕೂ ಮುಂಚೆಯೇ ಬರುತ್ತದೆ. ಮೂರು ದಿಕ್ಕಿಗೆ ಹೋದವರು ಗಡುವಿನೊಳಗೆ ಬರಿಗೈಯಲ್ಲಿ ಮರಳಿದ್ದಾರೆ. ದಕ್ಷಿಣದವರ ಸುದ್ದಿಯಿಲ್ಲ. ಒಂದು ದಿನ ಸುಗ್ರೀವನ ಸೋದರಮಾವ ದಧಿಮುಖ, ಮಧುವನ ಕಾಯುವ ಮುದುಕ, ಏಟು ತಿಂದು ಅಳುತ್ತ ಬರುತ್ತಾನೆ. ಅಂಗದನ ಗುಂಪು ಹಿಂತಿರುಗಿದೆ, ಯಾರನ್ನೂ ಕೇಳದೆ ತೋಟಕ್ಕೆ ನುಗ್ಗಿ ಜೇನೆಲ್ಲ ಕುಡಿದು, ಗಿಡ ಮುರಿದು, ತಡೆದವರನ್ನು ಹೊಡೆದು, ಹಾಡಿ ಕುಣಿದು ಗದ್ದಲ ಎಬ್ಬಿಸಿದೆ ಎಂದು ದೂರುತ್ತಾನೆ. ಲಕ್ಷ್ಮಣ ಏನಾಯಿತೆಂದು ಕೇಳುತ್ತಾನೆ. ಸುಗ್ರೀವನಿಗೆ ಕೋಪವಿಲ್ಲ. ಹೋದ ಕೆಲಸ ಆಗದಿದ್ದರೆ ನನ್ನ ತೋಟ ಮುಟ್ಟುವ ಧೈರ್ಯ ಅವರಿಗೆ ಬರುತ್ತಿರಲಿಲ್ಲ, ಅವರು ಸೀತೆಯನ್ನು ಕಂಡೇ ಬಂದಿದ್ದಾರೆ ಎನ್ನುತ್ತಾನೆ. ಅಷ್ಟರಲ್ಲಿ ದೂರದಿಂದ ಕಿಲಕಿಲ ಸದ್ದು ಕೇಳಿಸುತ್ತದೆ. ನಾಲ್ಕು ದಿಕ್ಕಿನ ಕೊನೆ ಕಂಡ ಆ ರಾಜ ಹಿಗ್ಗಿನಿಂದ ಬಾಲ ನೀಡಿ ಮೇಲೆತ್ತುತ್ತಾನೆ.